ಸಿಂಗ್ರನ ಗುರುತಿನ ಪುಸ್ತಕ

ನಿಲ್ಲಿಸ್ರೋ ನಿಮ್ಮ ಜಗಳಾನ! ಬೆಳಿಗ್ಗೆಯಿಂದ ಒಂದೇ ರಾಗ! ಲಾಂಡ್ರಿಗೆ ಕಂಪ್ಯೂಟರ್ ತಂದಿದ್ದು ಯಾರ ಬಟ್ಟೆ ಯಾವುದು ಅಂತ ಬರೆದಿಡೋಕೋ, ಇಲ್ಲ ಅಣ್ಣ ತಂಗಿ ಜುಟ್ಟು ಹಿಡ್ಕೊಳ್ಳೋಕೋ? ನಾಗವೇಣಿ ಅಂತಾಳೆ, "ಎಲ್ಲಾನೂ ಒಂದೇ ಫೈಲಲ್ಲಿ ಉದ್ದಕ್ಕೆ ಬರ್ಕೊಂಡು ಹೋದ್ರಾಯ್ತು." ಉಮಾಪತಿ ಅಂತಾನೆ, "ಇಲ್ಲ, ಡೇಟಾಬೇಸೇ ಬೇಕು. ಗಿರಾಕಿಗೊಂದು ಟೇಬಲ್ಲು, ಬಟ್ಟೆಗೊಂದು ಟೇಬಲ್ಲು, ಎರಡನ್ನೂ ಒಂದು ನಂಬರಲ್ಲಿ ಗಂಟು ಹಾಕ್ಬೇಕು." ಈ ಅಜ್ಜೀನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಕಂಪ್ಯೂಟರ್ ಹುಟ್ಟೋಕೆ ಮುಂಚೇನೇ ಈ ಜಗಳ ನಮ್ಮ ಮಡಿವಾಳರ ಮನೇಲಿ ಹುಟ್ಟಿತ್ತು ಕಣ್ರೋ! ಆ ಇಲೀನ ಬಿಟ್ಟು ಇತ್ತ ಬನ್ನಿ. ಕೂತ್ಕೊಳ್ಳಿ. ಪೆದ್ದ ಸಿಂಗ್ರನ ಕತೆ ಹೇಳ್ತೀನಿ. ಆಮೇಲೆ ಏನು ಬೇಕೋ ಮಾಡ್ಕೊಳ್ಳಿ.

ಒಂದೂರು. ಹಾಲುಗೊಂಡನಹಳ್ಳಿ ಅಂತ. ಆ ಊರಿನ ಬಟ್ಟೆ ಒಗೆಯೋಳು ಮಾಚಮ್ಮ. ಗಂಡ ಸತ್ತು ಬಹಳ ವರ್ಷ ಆಗಿತ್ತು. ಮನೇಲಿ ಇದ್ದದ್ದು ಒಂದು ಕತ್ತೆ, ಒಬ್ಬ ಮಗ. ಇಬ್ಬರಲ್ಲಿ ಕತ್ತೆಗೇ ಬುದ್ಧಿ ಒಂದು ಗುಲಗಂಜಿ ಜಾಸ್ತಿ ಅಂತ ಊರವರ ಮಾತು! ಮಗನ ಹೆಸರು ಸಿಂಗ್ರ. ಐಗಳ ಹತ್ರ ಓದು ಬರಹ ಕಲಿತಿದ್ದ. ಅಕ್ಷರ ಅಂದ್ರೆ ಮುತ್ತು! ತಲೆ ಅಂದ್ರೆ ಖಾಲಿ ಬಾನಿ! ಹೇಳಿದ್ದನ್ನ ಹೇಳಿದಂಗೇ ಮಾಡೋನು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿ ಇಲ್ಲ.

"ಶಿವನೇ, ಇವನಿಗೆ ಕೈ ಕೊಟ್ಟೆ, ಅಕ್ಷರ ಕೊಟ್ಟೆ, ಒಂದು ಚಿಟಿಕೆ ಬುದ್ಧಿ ಹಾಕೋದು ಮರೆತುಬಿಟ್ಯಾ!" ಅಂತ ಮಾಚಮ್ಮ ದಿನಾ ಹಣೆ ಹಣೆ ಚಚ್ಕೊಳ್ಳೋಳು.

ಮಾಚಮ್ಮ ಸೊಸೆಯಾಗಿ ಬಂದಾಗ ಆ ಊರಲ್ಲಿ ಇದ್ದದ್ದು ನಾಲ್ಕೇ ಮನೆ. ನಾಲ್ಕು ಮನೆಗೆ ಗುರುತು ಯಾಕೆ, ಪುಸ್ತಕ ಯಾಕೆ? ಬಟ್ಟೆ ನೋಡಿದ್ರೇ ಯಾರದು ಅಂತ ಗೊತ್ತಾಗೋದು. ಆಮೇಲೆ ಊರು ಬೆಳೀತು. ನಾಲ್ಕಿದ್ದದ್ದು ನಲವತ್ತಾಯ್ತು! ನಲವತ್ತು ಮನೆ ಪಂಚೆ, ಸೀರೆ, ರುಮಾಲು, ದುಪ್ಪಟಿ, ಎಲ್ಲಾ ಅವಳ ತಲೇಲೇ ಇತ್ತು. ಆದ್ರೆ ಕಣ್ಣಿಗೆ ಪೊರೆ ಬಂತು. ಒಂದಿನ ಐಗಳ ಪಂಚೆ ಎಣ್ಣೆ ಗಾಣದವರ ಮನೆಗೆ ಹೋಯ್ತು, ಗಾಣದವರ ಪಂಚೆ ಐಗಳ ಮನೆಗೆ ಬಂತು. ಐಗಳು ಅದನ್ನೇ ಉಟ್ಕೊಂಡು ಪೂಜೆಗೆ ಕೂತ್ರೆ ದೇವರ ಮನೆಯೆಲ್ಲ ಹರಳೆಣ್ಣೆ ವಾಸನೆ!

ಊರಿನ ಗೌಡ ದಾಸೇಗೌಡರು ಮಾಚಮ್ಮನ್ನ ಕರೆಸಿದ್ರು.

"ನೋಡು ಮಾಚಮ್ಮ, ಸುಗ್ಗಿ ಆದ್ಮೇಲೆ ನನ್ನ ಮಗಳು ನಂಜವ್ವನ ಮದುವೆ. ಅಷ್ಟರೊಳಗೆ ಇದೆಲ್ಲ ಸರಿ ಹೋಗ್ಬೇಕು. ಮದುವೇಲಿ ಒಂದೇ ಒಂದು ಬಟ್ಟೆ ತಪ್ಪಿದ್ರೂ ಊರಿನ ಬಟ್ಟೆ, ನಡೆಮಡಿ ಎಲ್ಲಾ ದೊಡ್ಡಕಟ್ಟೇಲಿರೋ ನಿನ್ನ ತಮ್ಮನಿಗೆ!"

ನಡೆಮಡಿ ಅಂದ್ರೇನು ಗೊತ್ತಾ ನಿಮಗೆ? ಎಲ್ಲಿ ಗೊತ್ತಿರುತ್ತೆ! ಮದುಮಗಳು ಬರೀ ನೆಲದ ಮೇಲೆ ಕಾಲಿಡಬಾರದು. ಹಸೆಯಿಂದ ಬಾಗಿಲಿಗೆ, ಬಾಗಿಲಿಂದ ಗಾಡಿಗೆ, ಒಗೆದ ಬಟ್ಟೆ ಹಾಸ್ತಾ ಹೋಗ್ಬೇಕು. ಅಷ್ಟೊಂದು ಬಟ್ಟೆ ಒಬ್ಬರ ಮನೇಲಿ ಎಲ್ಲಿರುತ್ತೆ? ನಲವತ್ತೂ ಮನೆ ಬಟ್ಟೆ ಮಡಿವಾಳರ ಹತ್ರ ಇರುತ್ತಲ್ಲ, ಅದನ್ನೇ ಹಾಸೋದು! ಇಡೀ ಊರಿನ ಬಟ್ಟೆ ಮೇಲೆ ಹುಡುಗಿ ನಡ್ಕೊಂಡು ಗಂಡನ ಮನೆಗೆ ಹೋಗ್ತಾಳೆ. ಆಮೇಲೆ ಅದನ್ನೆಲ್ಲ ಮತ್ತೆ ಒಗೆದು ಯಾರ್ಯಾರದು ಅವರವರಿಗೆ ಮುಟ್ಟಿಸಬೇಕು. ಆ ನಡೆಮಡಿ ಹಾಸೋದು ಮಾಚಮ್ಮನ ಅತ್ತೆ ಕಾಲದಿಂದ ಬಂದ ಹಕ್ಕು. ಅದು ಕೈಬಿಟ್ರೆ ಅವಳು ಊರಲ್ಲಿ ತಲೆ ಎತ್ತೋದು ಹೆಂಗೆ?

ಮಾಚಮ್ಮ ಮನೆಗೆ ಓಡಿ ಬಂದ್ಳು.

"ಮಗನೇ, ನನ್ನ ಕಣ್ಣು ಹೋಯ್ತು. ಇನ್ಮೇಲೆ ನೀನೇ ನನ್ನ ಕಣ್ಣು! ತಗೋ ಈ ಕರಿಗೇರು ಕಾಯಿ ರಸ. ಒಂದ್ಸಲ ಹತ್ತಿದ್ರೆ ಬಟ್ಟೆ ಹರಿದ್ರೂ ಹೋಗಲ್ಲ. ಯಾರ ಬಟ್ಟೆ ಅಂತ ಬಟ್ಟೆ ಮೇಲೇ ಬರಿ. ಏನನ್ನೂ ಬಿಡಬೇಡ!"

"ಹಂಗೇ ಮಾಡ್ತೀನವ್ವ!" ಅಂದ ಸಿಂಗ್ರ.

ಹೇಳಿದ್ದು ಹೇಳಿದಂಗೇ ಮಾಡ್ದ ಸಿಂಗ್ರ! ಗೌಡರ ರುಮಾಲು ಎತ್ಕೊಂಡ. ಕಡ್ಡಿ ಅದ್ದಿದ. ಮುತ್ತಿನಂಥ ಅಕ್ಷರದಲ್ಲಿ ಬರೆದ: "ಈ ರುಮಾಲು ಹಾಲುಗೊಂಡನಹಳ್ಳಿ ದಾಸೇಗೌಡರದು. ಹೆಂಡತಿ ಹೆಸರು ನಿಂಗಾಜಮ್ಮ. ಮನೆ ಕೆರೆ ಏರಿ ಪಕ್ಕ. ಮೆಟ್ಟಿಲು ಮೂರು. ಬಾಗಿಲಲ್ಲಿ ಕರಿ ನಾಯಿ, ಕಚ್ಚುತ್ತದೆ. ಗೌಡರು ಗೊರಕೆ ಹೊಡೆಯುತ್ತಾರೆ." ಆಮೇಲೆ ಗೌಡರ ಪಂಚೆ ಎತ್ಕೊಂಡ. ಅದೇ ಮಾತು, ಮೊದಲಿಂದ ಕೊನೇವರೆಗೆ! ಅಂಗವಸ್ತ್ರ ಎತ್ಕೊಂಡ. ಮತ್ತೆ ಅದೇ ಮಾತು! ಗೌಡರ ಮನೆಯಿಂದ ಬಂದಿದ್ದು ಹನ್ನೊಂದು ಬಟ್ಟೆ. ಹನ್ನೊಂದರ ಮೇಲೂ ಗೌಡರ ಸಂಸಾರ ಪೂರ್ತಿ!

ಅಷ್ಟರಲ್ಲಿ ಏನಾಯ್ತು, ಗೌಡರ ಕರಿ ನಾಯಿ ಸತ್ತುಹೋಯ್ತು! ಅಯ್ಯೋ, ಬರೆದಿದ್ದು ಸುಳ್ಳಾಯ್ತಲ್ಲ! ಸಿಂಗ್ರ ಮತ್ತೆ ಕಡ್ಡಿ ಹಿಡಿದ. ಒಂದರ ಮೇಲೆ "ಕಚ್ಚುತ್ತದೆ" ಹೊಡೆದು "ಸತ್ತಿದೆ" ಅಂತ ಬರೆದ. ಎರಡಕ್ಕೆ ಬರೆದ, ಮೂರಕ್ಕೆ ಬರೆದ, ಐದಕ್ಕೆ ಬರೆದ, ರಸ ಮುಗೀತು! ಉಳಿದ ಆರು ಹಂಗೇ ಉಳೀತು.

ಗೌಡರು ಆ ರುಮಾಲು ಸುತ್ಕೊಂಡು, ಆ ಪಂಚೆ ಉಟ್ಕೊಂಡು ಪಂಚಾಯ್ತಿ ಕಟ್ಟೆ ಮೇಲೆ ಕೂತ್ರು. ಐಗಳು ಕನ್ನಡಕ ಏರಿಸಿ ಸುತ್ತ ಸುತ್ತ ತಿರುಗಿ ಓದಿದ್ರು.

"ಗೌಡ್ರೇ, ನಿಮ್ಮ ರುಮಾಲಿನ ಪ್ರಕಾರ ನಿಮ್ಮನೆ ನಾಯಿ ಕಚ್ಚುತ್ತೆ. ನಿಮ್ಮ ಪಂಚೆ ಪ್ರಕಾರ ಅದು ಸತ್ತಿದೆ. ಯಾವುದನ್ನ ನಂಬೋದು? ಗೊರಕೆ ವಿಷಯ ಮಾತ್ರ ಎರಡರಲ್ಲೂ ಒಂದೇ ಇದೆ!"

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು! ನಗಬೇಡ ನಾಗವೇಣಿ! ನಿನ್ನ ಉದ್ದನೆ ಫೈಲಲ್ಲೂ ಇದೇ ಆಗೋದು. ಒಬ್ಬ ಗಿರಾಕಿ ಮನೆ ಬದಲಾಯಿಸಿದ್ರೆ ಎಷ್ಟು ಸಾಲಲ್ಲಿ ತಿದ್ದುತೀಯ? ಐದರಲ್ಲಿ ತಿದ್ದಿ ಕಾಫಿಗೆ ಎದ್ದು ಹೋಗ್ತೀಯ!

ಮಾಚಮ್ಮ ಎದೆ ಎದೆ ಬಡ್ಕೊಂಡ್ಳು. "ಅಯ್ಯೋ ನನ್ನ ಪೆದ್ದೇ! ಒಂದೇ ಸಂಗತೀನ ಹನ್ನೊಂದು ಕಡೆ ಬರೀತಾರೇನೋ? ಒಂದು ಸಂಗತಿ ಒಂದೇ ಕಡೆ ಇರ್ಬೇಕು! ಒಂದ್ಸಲ ಬರೆದಿದ್ದನ್ನ ಇನ್ನೊಂದ್ಸಲ ಬರೀಬೇಡ!"

"ಹಂಗೇ ಮಾಡ್ತೀನವ್ವ!"

ಹೇಳಿದ್ದು ಹೇಳಿದಂಗೇ ಮಾಡ್ದ ಸಿಂಗ್ರ! ಮುಂದಿನ ವಾರ ನಲವತ್ತು ಮನೆ ಗಂಟು ಬಂತು. ಗಾಣದವರ ಗಂಟು ಬಿಚ್ಚಿದ. ಮೇಲಿದ್ದ ಒಂದು ದಿಂಬಿನ ಚೀಲದ ಮೇಲೆ "ಗಾಣದವರದು" ಅಂತ ಬರೆದ. ಮುಗೀತು! ಉಳಿದ ಹದಿನಾಲ್ಕು ಬಟ್ಟೆ ಮುಟ್ಟಲೇ ಇಲ್ಲ. ಒಂದ್ಸಲ ಬರೆದಾಯ್ತಲ್ಲ! ಐಗಳ ಗಂಟು ಬಿಚ್ಚಿದ, ಒಂದು ಹೆಗಲ ಚೌಕದ ಮೇಲೆ ಬರೆದ, ಮುಗೀತು! ನಲವತ್ತು ಮನೆಗೆ ನಲವತ್ತು ಬಟ್ಟೆ. ಆಮೇಲೆ ಎಲ್ಲಾನೂ ಒಟ್ಟಿಗೆ ಉಬ್ಬೆಗೆ ಹಾಕಿ ಬೇಯಿಸಿದ, ಒಗೆದ, ಕೆರೆ ಏರಿ ಮೇಲೆ ಹರವಿದ.

"ಅವ್ವಾ, ಬೇಗ ಬಾ! ಎಷ್ಟು ಬೇಗ ಮುಗಿಸಿದೆ ನೋಡು!"

ಮಾಚಮ್ಮ ತಡವರಿಸ್ಕೊಂಡು ಬಂದ್ಳು. ಕೆರೆ ಏರಿ ಉದ್ದಕ್ಕೂ ಬೆಳ್ಳಗೆ ಬಟ್ಟೆ! ಅದರಲ್ಲಿ ನಲವತ್ತಕ್ಕೆ ಹೆಸರಿದೆ, ಮಿಕ್ಕಿದ್ದು ಅಪ್ಪ ಅಮ್ಮ ಇಲ್ಲದ ಮಕ್ಕಳಂಗೆ ಬಿದ್ದಿದೆ! ಪಾಪ, ಮುದುಕಿ ಏನು ಮಾಡ್ಬೇಕು? ಏರಿ ಮೇಲೆ ಮಂಡಿ ಊರಿ ಒಂದೊಂದನ್ನೇ ಮೂಸಿದ್ಳು! ಹರಳೆಣ್ಣೆ ವಾಸನೆ ಇದ್ದದ್ದು ಗಾಣದವರದು. ನಶ್ಯದ ವಾಸನೆ ಇದ್ದದ್ದು ಐಗಳದು. ಎಷ್ಟು ಒಗೆದ್ರೂ ಹೋಗದ ಮೀನಿನ ವಾಸನೆ ಇದ್ದದ್ದು ಬೆಸ್ತರ ಮನೇದು. ಮೂರು ದಿನ ಮೂಸಿದ್ಳು. ಮೂರನೇ ದಿನ ಅವಳಿಗೆ ಮೂಗು ಕಟ್ಟಿ ಗಂಟಲೂ ಕಟ್ಟಿತ್ತು. ಬೈಯೋದು ಮಾತ್ರ ಬಿಡಲಿಲ್ಲ.

"ಅಯ್ಯೋ ನನ್ನ ಪೆದ್ದೇ! ಬರೀಬೇಡ ಅಂದ್ರೆ ಪೂರ್ತಿ ಬಿಟ್ಟೇ ಬಿಡ್ತೀಯೇನೋ? ಕೇಳು! ಪ್ರತಿಯೊಂದು ಬಟ್ಟೆಗೂ ಒಂದು ಚಿಕ್ಕ ಗುರುತು ಹಾಕು. ಚುಕ್ಕೆಯೋ ಗೀಟೋ, ಅಷ್ಟೇ! ಒಂದು ಮನೆಗೆ ಒಂದೇ ಗುರುತು. ಆ ಗುರುತು ಯಾವ ಮನೇದು, ಆ ಮನೆ ಎಲ್ಲಿದೆ, ನಾಯಿ ಇದೆಯೋ ಸತ್ತಿದೆಯೋ, ಅದೆಲ್ಲ ಬೇರೆ ಒಂದು ಪುಸ್ತಕದಲ್ಲಿ ಒಂದ್ಸಲ ಬರಿ. ಆ ಪುಸ್ತಕ ಜೋಪಾನ! ಬಟ್ಟೆ ಎಲ್ಲಿರುತ್ತೋ ಪುಸ್ತಕಾನೂ ಅಲ್ಲೇ ಇರ್ಬೇಕು!"

"ಹಂಗೇ ಮಾಡ್ತೀನವ್ವ!"

ನೋಡಿದ್ರಾ? ಅಕ್ಷರ ಬಾರದ ಮಾಚಮ್ಮನಿಗೆ ಹೊಳೀತು! ಬಟ್ಟೆ ಮೇಲೆ ಗುರುತು, ಪುಸ್ತಕದಲ್ಲಿ ಮನೆ. ನಾಯಿ ಸತ್ರೆ ಪುಸ್ತಕದಲ್ಲಿ ಒಂದೇ ಕಡೆ ತಿದ್ದಿದ್ರೆ ಸಾಕು, ಹನ್ನೊಂದು ಬಟ್ಟೇನೂ ಸರಿ! ಉಮಾಪತಿ, ನೀನು ಮೀಸೆ ತಿರುವಬೇಡ, ನಿನ್ನ ಸರದಿ ಮುಂದೆ ಇದೆ.

ಐಗಳು ಪುಸ್ತಕಕ್ಕೆ ಕಾಗದ, ಮಸಿ ಕೊಟ್ರು. ಕೊಡ್ತಾ ಒಂದು ಮಾತು ಹೇಳಿದ್ರು. "ಸಿಂಗ್ರ, ಎರಡು ಪ್ರತಿ ಬರಿಯಪ್ಪ. ಒಂದು ಹೋದ್ರೆ ಇನ್ನೊಂದಿರುತ್ತೆ."

ಸಿಂಗ್ರ ಎರಡು ಪುಸ್ತಕ ಬರೆದ. ಚಿನ್ನದಂಥ ಪುಸ್ತಕ! ಎರಡು ಚುಕ್ಕೆ ಗೌಡರ ಮನೆ, ಒಂದು ಗೀಟು ಐಗಳ ಮನೆ, ಚುಕ್ಕೆ ಮೇಲೆ ಗೀಟು ಗಾಣದವರ ಮನೆ. ನಲವತ್ತೂ ಮನೆ ಬಂತು. ನಲವತ್ತು ಮನೆ ಬಟ್ಟೆಗೂ ಗುರುತು ಬಿತ್ತು. ಮಾಚಮ್ಮನಿಗೆ ಎಷ್ಟು ಖುಷಿ ಅಂದ್ರೆ, ಮಗನಿಗೆ ಹೋಳಿಗೆ ಮಾಡೋಕೆ ಬೇಳೆ ನೆನೆ ಹಾಕಿದ್ಳು.

ಬೇಳೆ ನೆನೀತಾ ಇತ್ತು. ಸಿಂಗ್ರ ಬಟ್ಟೆ ಎಲ್ಲಾ ಉಬ್ಬೆ ಬಾನಿಗೆ ತುಂಬಿದ. ಬಟ್ಟೆ ಎಲ್ಲಿರುತ್ತೋ ಪುಸ್ತಕಾನೂ ಅಲ್ಲೇ! ಹೇಳಿದ್ದು ಹೇಳಿದಂಗೇ ಮಾಡ್ದ ಸಿಂಗ್ರ! ಪುಸ್ತಕಾನೂ ಬಾನಿಗೆ ಹಾಕಿದ! ಚೌಳು ಮಣ್ಣು ಹಾಕಿ, ಬೆಂಕಿ ಹಚ್ಚಿ, ಕೊತ ಕೊತ ಕುದಿಸಿದ! ಆಮೇಲೆ ತೆಗೆದು ಕಲ್ಲಿಗೆ ಎರಡೇಟು ಹಾಕಿದ, ಹಿಂಡಿದ, ಗಂಜಿ ಕೊಟ್ಟ, ಹರವಿದ!

"ಅವ್ವಾ, ಅವ್ವಾ! ಪುಸ್ತಕ ಎಷ್ಟು ಬೆಳ್ಳಗಾಯ್ತು ನೋಡು! ಒಂದು ಕಲೆ ಇಲ್ಲ!"

"ಇನ್ನೊಂದೆಲ್ಲೋ? ಐಗಳು ಎರಡು ಬರೆಸಿದ್ರಲ್ಲ, ಇನ್ನೊಂದು ಪುಸ್ತಕ ಎಲ್ಲೋ?"

"ಅದೂ ಬೆಳ್ಳಗಾಯ್ತವ್ವ! ಒಂದು ಸಂಗತಿ ಒಂದೇ ಕಡೆ ಇರ್ಬೇಕು ಅಂದಿದ್ಯಲ್ಲ, ಎರಡನ್ನೂ ಒಂದೇ ಬಾನಿಗೆ ಹಾಕಿದೆ!"

ಹೋಳಿಗೆ ಬೇಳೆ ಕತ್ತೆಗೆ ಹೋಯ್ತು.

"ಅಯ್ಯೋ ನನ್ನ ಪೆದ್ದೇ!" ಮಾಚಮ್ಮ ಪೊರಕೆ ತಗೊಂಡ್ಳು. "ಪುಸ್ತಕಕ್ಕೆ ನೀರು ಸೋಕಬಾರದು ಕಣೋ! ಒಣಗಿದ ಜಾಗದಲ್ಲಿ, ಯಾರ ಕೈಗೂ ಎಟುಕದ ಹಾಗೆ ಎತ್ತರದಲ್ಲಿ ಇಡು! ಹೋಗು, ಮನೆ ಮನೆಗೆ ಹೋಗಿ ಮತ್ತೆ ಬರ್ಕೊಂಡು ಬಾ. ಆಯಾ ಮನೆ ಯಜಮಾನನ ಬಾಯಿಂದ ಬಂದಿದ್ದೇ ಬರಿ, ಬೇರೆ ಯಾರು ಹೇಳಿದ್ರೂ ಬರೀಬೇಡ! ಒಂದೊಂದು ಬಟ್ಟೆ ಕೊಡುವಾಗ್ಲೂ ಪುಸ್ತಕ ನೋಡಿಯೇ ಕೊಡು!"

"ಹಂಗೇ ಮಾಡ್ತೀನವ್ವ!"

ಹೇಳಿದ್ದು ಹೇಳಿದಂಗೇ ಮಾಡ್ದ ಸಿಂಗ್ರ! ನಲವತ್ತು ಯಜಮಾನರ ಮುಂದೆ ಕೂತು ಬರ್ಕೊಂಡ. ಆಮೇಲೆ ಎತ್ತರದ ಜಾಗ ಹುಡುಕಿದ. ಊರಲ್ಲಿ ಎಲ್ಲಕ್ಕಿಂತ ಎತ್ತರ ಯಾವುದು? ಊರ ಮುಂದಿನ ಹುಣಸೆ ಮರ! ಅದರ ತುದಿ ಕೊಂಬೆಗೆ ಪುಸ್ತಕ ಕಟ್ಟಿದ.

ಬಟ್ಟೆ ಕೊಡೋ ದಿನ ಬಂತು. ಸಿಂಗ್ರ ಮರದ ಬುಡದಲ್ಲಿ ಗಂಟು ಬಿಚ್ಚಿದ. ಒಂದು ಪಂಚೆ ಎತ್ತಿ ಗುರುತು ನೋಡ್ದ. ಮರ ಹತ್ತಿದ. ಪುಸ್ತಕ ನೋಡ್ದ. ಮರ ಇಳಿದ. ಹೋಗಿ ಕೊಟ್ಟು ಬಂದ! ಎರಡನೇ ಪಂಚೆ ಎತ್ತಿದ. ಮರ ಹತ್ತಿದ. ಪುಸ್ತಕ ನೋಡ್ದ. ಮರ ಇಳಿದ. ಕೊಟ್ಟು ಬಂದ! ಎರಡೂ ಒಂದೇ ಮನೇದು! ಹಂಗಂತ ಒಟ್ಟಿಗೆ ನೋಡ್ಬಹುದಿತ್ತಲ್ಲ? ಒಂದೊಂದಕ್ಕೂ ನೋಡಿಯೇ ಕೊಡು ಅಂದಿದ್ಳಲ್ಲ ಅವ್ವ! ಹೊತ್ತು ನೆತ್ತಿಗೆ ಬಂದಾಗ ಹದಿನೇಳು ಬಟ್ಟೆ ಕೊಟ್ಟಿದ್ದ, ಹದಿನೇಳು ಸಲ ಮರ ಹತ್ತಿದ್ದ, ಎರಡೂ ಮೊಣಕಾಲು ತರಚಿತ್ತು. ಉಮಾಪತಿ, ಕೇಳಿಸ್ಕೊಂಡ್ಯಾ? ನಿನ್ನ ಡೇಟಾಬೇಸು ಎಷ್ಟೇ ಚೆಂದ ಇರ್ಲಿ, ಒಂದು ಟವೆಲ್ ಹುಡುಕೋಕೆ ಮರ ಹತ್ತಿ ಇಳಿಯೋ ಹಂಗಿದ್ರೆ ಗಿರಾಕಿ ಕಾಯ್ತಾನೇನೋ?

ಹದಿನೆಂಟನೇದು ಗೌಡ್ತಿ ನಿಂಗಾಜಮ್ಮನ ಸೀರೆ. ಸಿಂಗ್ರ ಮರದ ಅರ್ಧದಲ್ಲಿ ಸುಸ್ತಾಗಿ ಕೊಂಬೆ ತಬ್ಕೊಂಡು ನೇತಾಡ್ತಿದ್ದ. ಕೆಳಗೆ ದಾರೀಲಿ ಹೋಗ್ತಿದ್ದ ಒಬ್ಬ ನಿಂತ್ಕೊಂಡ.

"ಏನಪ್ಪ ಮೇಲೆ?"

"ಈ ಸೀರೆ ಯಾರದು ಅಂತ ನೋಡೋಕೆ ಹೋಗ್ತಿದೀನಿ!"

"ಅಷ್ಟು ಕಷ್ಟ ಯಾಕೆ? ಅದು ನಂದೇ!" ಅಂದ ಅವನು. ಹೆಗಲಿಗೆ ಹಾಕ್ಕೊಂಡ. ಹೊರಟೇ ಹೋದ!

"ಒಳ್ಳೇ ಮನುಷ್ಯ! ನಂಗೆ ಒಂದು ಸಲ ಹತ್ತೋದು ತಪ್ಪಿಸಿದ!" ಅಂತ ಸಿಂಗ್ರ ಮೇಲಿಂದಾನೇ ಕೈ ಮುಗಿದ.

ಸೀರೆ ಹೋದ ಸುದ್ದಿ ಮುಟ್ಟಿ ಗೌಡರ ಮನೆಯಿಂದ ಆಳು ಬಂದ. "ಗೌಡ್ರು ಹೇಳಿ ಕಳಿಸಿದಾರೆ, ಮಾಚಮ್ಮ. ಇದು ಕೊನೇ ಸಲ. ನಾಡಿದ್ದು ಮದುವೆ. ಮದುವೆ ಆದ್ಮೇಲೆ ನಲವತ್ತು ಮನೇಲಿ ಯಾವ ಮನೆಗೆ ಒಂದು ಬಟ್ಟೆ ಕಮ್ಮಿ ಆದ್ರೂ ನಿನ್ನ ತಮ್ಮನಿಗೆ ಕರೆ ಹೋಗುತ್ತೆ."

ಮಾಚಮ್ಮ ಬೈಯೋಕೆ ಬಾಯಿ ತೆಗೆದ್ಳು, ಅಳು ಬಂತು. ಆ ಪೊರೆ ಬಂದ ಕಣ್ಣಲ್ಲಿ ನೀರು ಸುರೀತು. ಸಿಂಗ್ರನಿಗೆ ಬೈಗುಳ ಆದ್ರೆ ಅಭ್ಯಾಸ ಇತ್ತು, ಅಳು ಅಭ್ಯಾಸ ಇರಲಿಲ್ಲ. ಅವನೂ ಗೊಳೋ ಅಂತ ಅತ್ತ.

"ಅಯ್ಯೋ ನನ್ನ ಪೆದ್ದೇ," ಅಂದ್ಳು ಮಾಚಮ್ಮ ಮೂಗೊರೆಸ್ಕೊಂಡು. "ಪುಸ್ತಕ ಮರದ ಮೇಲಲ್ಲ, ನಿನ್ನ ಸೊಂಟಕ್ಕೆ ಕಟ್ಕೊ. ಇನ್ನೊಂದು ಮಾತು, ಕಿವಿ ಕೊಟ್ಟು ಕೇಳು. ಪುಸ್ತಕದಲ್ಲಿಲ್ಲದ ಮನೆಗೆ ಒಂದು ನೂಲೂ ಹೋಗಬಾರದು! ಹೋಗ್ತಿದ್ರೆ ಅಡ್ಡ ನಿಂತು ಹಿಡಿ! ಎಲ್ಲಿಂದ ಬಂತೋ ಆ ಮನೆಗೇ ವಾಪಸ್ ತಗೊಂಡು ಹೋಗಿ ಎಣಿಸಿ ಒಪ್ಪಿಸು! ಯಾರು ಎಷ್ಟೇ ಕೂಗಿದ್ರೂ ಕಿವಿಗೆ ಹಾಕ್ಕೋಬೇಡ!"

"ಹಂಗೇ ಮಾಡ್ತೀನವ್ವ!"

ಮದುವೆ ಬಂತು! ಓಲಗ, ಚಪ್ಪರ, ಹೋಳಿಗೆ, ನೆಂಟರು! ಬೀಗರು ಹೊನ್ನೇಗೌಡರು ಕಣಗಲಪುರದಿಂದ ಹನ್ನೆರಡು ಗಾಡಿ ಕಟ್ಕೊಂಡು ಬಂದಿದ್ರು. ಮಾಚಮ್ಮ ನಡೆಮಡಿ ಹಾಸಿದ್ಳು. ಕಣ್ಣು ಕಾಣದಿದ್ರೂ ಕೈಗೆ ಗೊತ್ತಿತ್ತು, ಎಲ್ಲೂ ಒಂದು ಸುಕ್ಕಿರಲಿಲ್ಲ. ಧಾರೆ ಆಯ್ತು, ಊಟ ಆಯ್ತು. ಹುಡುಗಿ ಕಳಿಸೋ ಹೊತ್ತು ಬಂತು. ನಂಜವ್ವ ಊರಿನ ಬಟ್ಟೆ ಮೇಲೆ ಒಂದೊಂದೇ ಹೆಜ್ಜೆ ಇಟ್ಕೊಂಡು, ಅಳ್ತಾ ಅಳ್ತಾ ಗಾಡಿ ಹತ್ತಿದ್ಳು. ಗಾಡಿ ಹೊರಟಿತು.

ಸಿಂಗ್ರ ನೋಡ್ದ. ಪುಸ್ತಕ ಬಿಚ್ಚಿದ. ಒಂದನೇ ಹಾಳೆಯಿಂದ ಕೊನೇ ಹಾಳೆವರೆಗೆ ಹುಡುಕಿದ. ಕಣಗಲಪುರದ ಹೊನ್ನೇಗೌಡರ ಮನೆ ಎಲ್ಲೂ ಇಲ್ಲ!

"ನಿಲ್ಲಿಸೀ!" ಅಂತ ಕೂಗ್ಕೊಂಡು ಓಡ್ದ. ಎತ್ತಿನ ಮೂಗುದಾರ ಹಿಡಿದೇಬಿಟ್ಟ! "ಈ ಗಾಡಿ ಹೋಗಂಗಿಲ್ಲ!"

"ಯಾಕೋ?" ಅಂದ್ರು ಹೊನ್ನೇಗೌಡ್ರು.

"ಗೌಡರ ಮನೆ ಹುಡುಗಿ ಗಾಡೀಲಿದೆ! ನಿಮ್ಮ ಮನೆ ನನ್ನ ಪುಸ್ತಕದಲ್ಲಿಲ್ಲ! ಪುಸ್ತಕದಲ್ಲಿಲ್ಲದ ಮನೆಗೆ ಒಂದು ನೂಲೂ ಹೋಗಬಾರದು! ನಂಜವ್ವ, ಇಳಿಯವ್ವ! ನಿಮ್ಮಪ್ಪನಿಗೆ ಎಣಿಸಿ ಒಪ್ಪಿಸ್ತೀನಿ!"

ಓಲಗದೋರು ನಿಲ್ಲಿಸಿದ್ರು. ಬೀಗರ ಕಡೆಯೋರು ಕೋಲು ಎತ್ತಿದ್ರು. ದಾಸೇಗೌಡರ ಮುಖ ಕೆಂಪು ಮೆಣಸಿನಕಾಯಿ ಆಯ್ತು. "ಕೈ ಬಿಡೋ ಕತ್ತೆ!" "ದೂರ ಸರಿಯೋ!" "ಹೊರಡೋ ಮುಹೂರ್ತ ಮೀರುತ್ತೆ ಕಣೋ!" ಎಲ್ಲರೂ ಕೂಗಿದ್ರು. ಯಾರು ಎಷ್ಟೇ ಕೂಗಿದ್ರೂ ಕಿವಿಗೆ ಹಾಕ್ಕೋಬೇಡ ಅಂದಿದ್ಳಲ್ಲ ಅವ್ವ! ಸಿಂಗ್ರ ಕಿವೀಲಿ ಹತ್ತಿ ಇಟ್ಟೋನಂಗೆ ನಿಂತ. ಮಾಚಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತ್ಳು. ಮುಗೀತು! ನಡೆಮಡಿ ಹೋಯ್ತು, ಊರು ಹೋಯ್ತು!

ನಂಜವ್ವ ಒಬ್ಳಿಗೆ ಮಾತ್ರ ಅಳುವಿನ ಮಧ್ಯೆ ನಗು ಬಂತು. "ಇರಿ, ಇಳೀತೀನಿ. ಇಲ್ದಿದ್ರೆ ಅವನು ಬಿಡೋನಲ್ಲ," ಅಂತ ಎದ್ದು ಗಾಡಿಯಿಂದ ಇಳಿದ್ಳು.

ಅವಳು ಎದ್ದಳಾ? ಅವಳು ಕೂತಿದ್ದ ಜಾಗದಲ್ಲಿ ಏನಿತ್ತು ಗೊತ್ತಾ? ಬಟ್ಟೆ! ಮಡಿಸಿದ ಏಳು ಬಟ್ಟೆ! ಹುಡುಗಿ ದಾಟಿದ ಮೇಲೆ, ಅವಳಿಗೆ ಮೆತ್ತಗಿರಲಿ ಅಂತ ಬೀಗರ ಕಡೆ ಹೆಂಗಸರು ಗಾಡಿ ಹತ್ರ ಹಾಸಿದ್ದ ನಡೆಮಡೀನೇ ಮಡಿಸಿ ಕೂರೋಕೆ ಹಾಕಿದ್ರು! ಪಾಪ, ಅವರಿಗೇನು ಗೊತ್ತು, ಅದು ಊರಿನ ಬಟ್ಟೆ ಅಂತ!

ಸಿಂಗ್ರ ಎತ್ತಿ ಎತ್ತಿ ಗುರುತು ನೋಡ್ದ, ಪುಸ್ತಕ ನೋಡ್ದ, ಕೂಗಿ ಹೇಳ್ದ. "ಚುಕ್ಕೆ ಮೇಲೆ ಗೀಟು, ಗಾಣದವರದು! ಒಂದು ಗೀಟು, ಐಗಳದು! ಮೂರು ಚುಕ್ಕೆ, ಬೆಸ್ತರ ಮನೇದು!" ಏಳಕ್ಕೆ ಏಳೂ ಹೇಳ್ದ! ಒಂದೂ ತಪ್ಪಲಿಲ್ಲ! ಐಗಳು ತಮ್ಮ ಪಂಚೆ ಎತ್ತಿ ಮೂಸಿ ನೋಡಿ, "ನಂದೇ! ನಶ್ಯ!" ಅಂದ್ರು.

ದಾಸೇಗೌಡರು ಏಳೂ ಬಟ್ಟೆ ಮುಟ್ಟಿ ಮುಟ್ಟಿ ನೋಡಿದ್ರು. ಆಮೇಲೆ ನಿಧಾನವಾಗಿ ಅಂದ್ರು. "ಇವನು ಅಡ್ಡ ನಿಲ್ಲದಿದ್ರೆ ಏಳು ಮನೆ ಬಟ್ಟೆ ಇವತ್ತು ಊರು ಬಿಡ್ತಿತ್ತು. ನಾನು ಮಾಚಮ್ಮನ್ನ ಕಳ್ಳಿ ಅಂತಿದ್ದೆ. ಏಳಮ್ಮ ಮಾಚಮ್ಮ. ಈ ಊರಿನ ನಡೆಮಡಿ ನಿಂದೇ, ನಿನ್ನ ಮಗಂದೇ!"

"ಅದೆಲ್ಲ ಸರಿ," ಅಂದ ಸಿಂಗ್ರ, ಮೂಗುದಾರ ಬಿಡದೇನೇ. "ಹುಡುಗಿ?"

ಹೊನ್ನೇಗೌಡರು ಹೊಟ್ಟೆ ಹಿಡ್ಕೊಂಡು ನಕ್ಕರು. "ಬರ್ಕೊಳಪ್ಪ ನಮ್ಮ ಮನೇನೂ! ಯಜಮಾನ ನಾನೇ ಹೇಳ್ತಿದೀನಿ. ಕಣಗಲಪುರ, ಹೊನ್ನೇಗೌಡ, ಬಾವಿ ಪಕ್ಕದ ಮನೆ. ನಾಯಿ ಇದೆ, ಕಚ್ಚಲ್ಲ!" ಸಿಂಗ್ರ ನಲವತ್ತೊಂದನೇ ಮನೆ ಅಂತ ಬರ್ಕೊಂಡ. ಗುರುತು ಹಾಕಿದ. ಆಮೇಲೆ ದಾರಿ ಬಿಟ್ಟ. ಗಾಡಿ ಹೋಯ್ತು!

ಮನೆಗೆ ಬಂದ ಮಾಚಮ್ಮ ಮೊದಲನೇ ಸಲ ಮಗನಿಗೆ ಬೈಲಿಲ್ಲ. ತಲೆ ನೇವರಿಸಿದ್ಳು. ಕತ್ತೆ ಪಾಲಾಗಿದ್ದ ಹೋಳಿಗೇನ ಈ ಸಲ ಅವನಿಗೇ ಹಾಕಿದ್ಳು. "ನನ್ನ ಬಂಗಾರ! ನೀನು ಮಾಡಿದ್ದೇ ಸರಿ ಕಣೋ! ಇನ್ಮೇಲೂ ಹಂಗೇ ಮಾಡು! ಯಾರ ಮುಖಾನೂ ನೋಡಬೇಡ!"

"ಹಂಗೇ ಮಾಡ್ತೀನವ್ವ!"

ಮಾರನೇ ದಿನ ಬೆಳಿಗ್ಗೆ ಸಿಂಗ್ರ ಜಗಲಿ ಮೇಲೆ ಕೂತು ಪುಸ್ತಕ ತಿರುವಿದ. ಗೌಡರ ಮನೆ ಇದೆ. ಐಗಳ ಮನೆ ಇದೆ. ಗಾಣದವರ ಮನೆ ಇದೆ. ಕಣಗಲಪುರದ ಮನೇನೂ ಇದೆ. ನಮ್ಮ ಮನೆ? ಮತ್ತೆ ತಿರುವಿದ. ಇಲ್ಲ! ನಲವತ್ತೊಂದು ಮನೇಲಿ ನಮ್ಮ ಮನೇನೇ ಇಲ್ಲ!

"ಅವ್ವಾ! ನೀನು ಹುಟ್ಟಿದ್ದು ಈ ಮನೇಲೇನಾ?"

"ನಾನ್ಯಾಕೆ ಇಲ್ಲಿ ಹುಟ್ಟಲಿ? ದೊಡ್ಡಕಟ್ಟೆಯಿಂದ ಮದುವೆಯಾಗಿ ಬಂದೋಳು. ಮೂವತ್ತು ವರ್ಷ ಆಯ್ತು."

"ಮೂವತ್ತು ವರ್ಷ!" ಸಿಂಗ್ರ ಬೆಚ್ಚಿ ಬಿದ್ದ. ಪುಸ್ತಕ ಸೊಂಟಕ್ಕೆ ಕಟ್ಟಿದ. ಕತ್ತೆ ಹಿಡ್ಕೊಂಡು ಬಂದ. ಅವ್ವನ್ನ ಎತ್ತಿ ಗಂಟು ಕೂರಿಸಿದಂಗೆ ಕೂರಿಸಿದ!

"ಏನೋ ಇದು! ಇಳಿಸೋ! ಇಳಿಸೋ ಪೆದ್ದೇ! ನಮ್ಮ ಮನೇನೂ ಬರ್ಕೊಂಡ್ರಾಯ್ತು ಕಣೋ!"

"ಯಜಮಾನನ ಬಾಯಿಂದ ಬಂದಿದ್ದೇ ಬರೀಬೇಕು ಅಂದಿದ್ದೀಯ. ಅಪ್ಪ ಬಂದು ಹೇಳ್ಲಿ, ಬರ್ಕೋತೀನಿ!"

ದಾರಿ ಉದ್ದಕ್ಕೂ ಮಾಚಮ್ಮ ಕೂಗಿದ್ಳು. ಯಾರು ಎಷ್ಟೇ ಕೂಗಿದ್ರೂ ಕಿವಿಗೆ ಹಾಕ್ಕೊಳ್ಳೋನಲ್ಲ ಸಿಂಗ್ರ! ಏರಿ ದಾಟಿದ, ಹಳ್ಳ ದಾಟಿದ, ದೊಡ್ಡಕಟ್ಟೆ ಸೇರಿದ. ಮಾಚಮ್ಮನ ತಮ್ಮ ಕಲ್ಲಿನ ಮೇಲೆ ಬಟ್ಟೆ ಒಗೀತಿದ್ದೋನು ಗಾಬರಿಯಾಗಿ ಓಡಿ ಬಂದ. "ಯಾಕಕ್ಕ? ಏನಾಯ್ತು?"

ಸಿಂಗ್ರ ಕತ್ತೆ ನಿಲ್ಲಿಸಿದ. ಅವ್ವನ್ನ ಮೆಲ್ಲಗೆ ಇಳಿಸಿದ. ಸೆರಗಿನ ಧೂಳು ಒದರಿದ, ಸುಕ್ಕು ಸರಿ ಮಾಡ್ದ. ಕೈ ಮುಗಿದು ಹೇಳ್ದ.

"ಮಾವ, ಬೇಜಾರು ಮಾಡ್ಕೋಬೇಡ, ಮೂವತ್ತು ವರ್ಷ ತಡ ಆಗಿದೆ. ನಿಮ್ಮನೇದು ನಮ್ಮನೇಲಿ ಉಳ್ಕೊಂಡ್ಬಿಟ್ಟಿತ್ತು. ಎಣಿಸ್ಕೋ. ಒಂದು!"

ಕತೆ ನೆನೆಸಿದೆ, ಒಗೆದೆ, ಹರವಿದೆ. ಮಡಿಸಿ ಎತ್ತಿಡೋದು ನಿಮ್ಮ ಕೆಲಸ. ಹೋಗಿ, ಆ ಕಂಪ್ಯೂಟರಲ್ಲಿ ಏನು ಬೇಕೋ ಮಾಡ್ಕೊಳ್ಳಿ. ಏಯ್ ಉಮಾಪತಿ! ಎಲ್ಲಕ್ಕಿಂತ ಮೊದಲು ನಮ್ಮ ಮನೆ ಹೆಸರು ಬರ್ಕೊಳೋ!